ಮ್ಯಾರಥಾನ್ ಹತ್ತಿರ ಬಂತು, ಓಟ ತಪ್ಪಿತು, ಕಾಲೂ ನೋಯ್ತಿದೆ

ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೀರಿ. 42.195 ಕಿಲೋಮೀಟರ್. ಡಿಸೆಂಬರ್ ಕೊನೆಗೆ ಜ್ವರ ಬಂತು, ಒಂದು ವಾರ ಕಬ್ಬನ್ ಪಾರ್ಕ್ ಕಡೆ ಹೋಗೋಕೇ ಆಗಲಿಲ್ಲ. ಉದ್ದದ ಓಟವೂ ತಪ್ಪಿತು. ಎಲ್ಲವನ್ನೂ ಈ ವಾರವೇ ಓಡಿ ಮುಗಿಸೋಣ ಅನ್ನಿಸುತ್ತೆ, ಅಲ್ವಾ?

ದಯವಿಟ್ಟು ಬೇಡ. ಒಂದು ವಾರ ನಿಂತ ಮಾತ್ರಕ್ಕೆ ತಿಂಗಳುಗಟ್ಟಲೆ ಗಳಿಸಿದ ದಮ್ಮು ಕರಗಿಹೋಗಲ್ಲ. ಈಗ ಓಡೋ ಉದ್ದದ ಓಟದ ಲಾಭ ಮೈಗೆ ಹತ್ತೋಕೆ ವಾರಗಳು ಬೇಕು. ದಣಿವು ಮಾತ್ರ ಮರುದಿನವೇ ಹಾಜರ್. ಕೊನೆಯ 2-3 ವಾರ ದೂರ ಇಳಿಸೋದು ಅದಕ್ಕೇ. ತಪ್ಪಿದ್ದನ್ನು ಬಿಡಿ. ಜ್ವರ ಪೂರ್ತಿ ಹೋಗಿ, ಸುಸ್ತೂ ಇಳಿದ ಮೇಲೆ ನಿಧಾನವಾಗಿ ಶುರು ಮಾಡಿ.

ನೋವಿಗೆ ಇನ್ನೂ ಹೆಚ್ಚಿನ ಗಮನ ಬೇಕು. ಎರಡೂ ತೊಡೆ, ಎರಡೂ ಮೀನಖಂಡ ಬಿಗಿದುಕೊಂಡು, ಎರಡು-ಮೂರು ದಿನಕ್ಕೆ ಇಳೀತಾ? ಅದು ಸಾಮಾನ್ಯವಾಗಿ ಸ್ನಾಯುವಿನ ನೋವು. ಆದರೆ ಕಣಕಾಲಿನ ಮೂಳೆ ಮೇಲೆ ಒಂದೇ ಜಾಗ, ಬೆರಳಿಟ್ಟು ತೋರಿಸುವಷ್ಟು ಖಚಿತವಾಗಿ ನೋಯುತ್ತಾ? ಓಡಿದಷ್ಟೂ ಜಾಸ್ತಿ ಆಗುತ್ತಾ, ರಾತ್ರಿ ಮಲಗಿದಾಗಲೂ ಬಿಡಲ್ವಾ? ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಅವತ್ತೇ ಓಟ ನಿಲ್ಲಿಸಿ, ಮೂಳೆ ಡಾಕ್ಟರ್ ಹತ್ತಿರ ಹೋಗಿ. ಶುರುವಿನಲ್ಲಿ ಎಕ್ಸ್-ರೇಯಲ್ಲಿ ಬಿರುಕು ಕಾಣದೇ ಇರಬಹುದು. ಎಂಆರ್‌ಐ ಬರೆದುಕೊಟ್ಟರೆ ಮುಂದೂಡಬೇಡಿ.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ: ನೋವಿಗೆ ಅಂತ ಐಬುಪ್ರೊಫೆನ್ ಮಾತ್ರೆ ನುಂಗಿ ಓಟಕ್ಕೆ ಇಳಿಯಬೇಡಿ. ಬೆವರು ಸುರಿದು ಮೈಯಲ್ಲಿ ನೀರು ಕಮ್ಮಿಯಾದಾಗ ಆ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು.