ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ: ಎರಡು ಹಳೆಯ ಪೋರ್ಷೆಗಳಲ್ಲಿ ಯಾವುದು?

ಪೋರ್ಷೆ ಎಂದೊಡನೆ ಕಾರುಪ್ರಿಯರ ಕಣ್ಣ ಮುಂದೆ ಬರುವುದು 911. ಅದರ ಎಂಜಿನ್ ಹಿಂಬದಿಯ ಅಚ್ಚಿಗಿಂತಲೂ ಹಿಂದಿದೆ. ಹಳೆಯ 911ಗಳಲ್ಲಿ ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಚಾಲಕ ಹೆದರಿ ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ ಭಾರ ಮುಂದಕ್ಕೆ ವಾಲುತ್ತಿತ್ತು. ಹಿಂದಿನ ಚಕ್ರಗಳ ಹಿಡಿತ ಸಡಿಲವಾಗಿ ಕಾರಿನ ಹಿಂಭಾಗ ಬೀಸಿಕೊಂಡು ಹೊರಕ್ಕೆ ಜಾರುತ್ತಿತ್ತು. 1970ರ ದಶಕದಲ್ಲಿ ಕಂಪನಿಯ ಚುಕ್ಕಾಣಿ ಹಿಡಿದಿದ್ದ ಅರ್ನ್ಸ್ಟ್ ಫೂರ್ಮಾನ್, 911ರ ಕಾಲ ಮುಗಿಯಿತೆಂದೇ ಎಣಿಸಿದ್ದರು. ಅದರ ಜಾಗ ತುಂಬಲೆಂದು 1977ರಲ್ಲಿ ಬಂದದ್ದು ಮುಂದೆ ಎಂಜಿನ್ ಇರುವ 928. ಮರುವರ್ಷವೇ ಅದು 'ಯುರೋಪಿನ ವರ್ಷದ ಕಾರು' ಎನಿಸಿಕೊಂಡಿತು. ಅದಕ್ಕಿಂತ ಕೆಳಗಿನ ಬೆಲೆಗೆ 924 ಇತ್ತು. ಅದನ್ನೇ ಬೆಳೆಸಿ 1980ರ ದಶಕದ ಆರಂಭದಲ್ಲಿ 944 ಮಾಡಿದರು.

ಆದರೆ 911 ಇಂದಿಗೂ ತಯಾರಾಗುತ್ತಿದೆ. ಅದರ ಉತ್ತರಾಧಿಕಾರಿಯಾಗಬೇಕಿದ್ದ 928 1995ರಲ್ಲಿ ನಿಂತಿತು, 944 ಅದಕ್ಕೂ ಮೊದಲೇ 1991ರಲ್ಲಿ ನಿಂತಿತ್ತು. ಹಾಗಾಗಿ ಯುರೋಪ್, ಅಮೆರಿಕಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಹುಡುಕುವವರ ಮುಂದೆ ಇವೆರಡೂ ಜೋಡಿಯಾಗಿ ಬಂದು ನಿಲ್ಲುತ್ತವೆ. ಮೊದಲ 928ರದ್ದು 4.5 ಲೀಟರಿನ ವಿ-8 ಎಂಜಿನ್, 240 ಅಶ್ವಶಕ್ತಿ. ಮೊದಲ 944ರದ್ದು 2.5 ಲೀಟರಿನ ನಾಲ್ಕು ಸಿಲಿಂಡರ್, 163 ಅಶ್ವಶಕ್ತಿ. ಈ ಅಂಕಿ ನೋಡಿ ಆರಿಸುವುದು ಹೊಸ ಕಾರಿನ ಲೆಕ್ಕ. ಮೂರ್ನಾಲ್ಕು ದಶಕ ದಾಟಿದ ಕಾರಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ವಿನ್ಯಾಸಕಾರರು ಒತ್ತಡವನ್ನು ಯಾವ ಭಾಗದ ಮೇಲೆ ಹೇರಿದ್ದಾರೆ, ಆ ಭಾಗವನ್ನು ಕಾಲ ಎಷ್ಟು ತಿಂದಿದೆ?

ಮೊದಲು ಎರಡಕ್ಕೂ ಸಮಾನವಾದ ಗುಣ. ಎಂಜಿನ್ ಮುಂದಿದ್ದರೂ ಗೇರ್‌ಬಾಕ್ಸ್ ಇರುವುದು ಹಿಂದಿನ ಅಚ್ಚಿನ ಬಳಿ. ಎರಡನ್ನೂ ಒಂದು ಗಟ್ಟಿ ಉಕ್ಕಿನ ಕೊಳವೆ ಬೆಸೆದಿದೆ, ಅದರೊಳಗೆ ಎಂಜಿನ್ನಿನಷ್ಟೇ ವೇಗವಾಗಿ ತಿರುಗುವ ಸಪೂರ ದಂಡವಿದೆ. ಹೀಗಾಗಿ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಅರ್ಧರ್ಧ. ನಾಲ್ಕೂ ಟೈರುಗಳು ಕೆಲಸ ಹಂಚಿಕೊಳ್ಳುತ್ತವೆ.

ಈ ಹಂಚಿಕೆಗೆ ಇನ್ನೊಂದು ಪರಿಣಾಮವೂ ಇದೆ. ಕಾವಡಿ ಹೊತ್ತವರನ್ನು ನೆನೆಯಿರಿ. ಎರಡು ಕೊಡಗಳನ್ನು ಎದೆಗೆ ಅವಚಿಕೊಂಡಾಗ ಗಿರಕ್ಕನೆ ತಿರುಗಬಹುದು, ಕೋಲಿನ ಎರಡು ತುದಿಗೆ ತೂಗುಹಾಕಿಕೊಂಡಾಗ ಆಗದು. ಭಾರ ಅಷ್ಟೇ, ನಡುವಿನಿಂದ ಅದಕ್ಕಿರುವ ದೂರ ಹೆಚ್ಚಿದೆ. ತಿರುಗುವಿಕೆಗೆ ವಸ್ತು ಒಡ್ಡುವ ಜಡತ್ವ ಆ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ: ದೂರ ಎರಡು ಪಟ್ಟಾದರೆ ಜಡತ್ವ ನಾಲ್ಕು ಪಟ್ಟು. ಎಂಜಿನ್ ಒಂದು ತುದಿಗೆ, ಗೇರ್‌ಬಾಕ್ಸ್ ಇನ್ನೊಂದು ತುದಿಗೆ ಇರುವ ಈ ಕಾರುಗಳು ಥಟ್ಟನೆ ದಿಕ್ಕು ಬದಲಿಸುವುದಿಲ್ಲ. ಅದೇ ಕಾರಣಕ್ಕೆ ಥಟ್ಟನೆ ಕೈತಪ್ಪುವುದೂ ಇಲ್ಲ. ಜಾರಲು ತೊಡಗಿದರೂ ನಿಧಾನವಾಗಿ ಜಾರುತ್ತವೆ, ಸ್ಟಿಯರಿಂಗ್ ತಿರುಗಿಸಿ ಸರಿಪಡಿಸಲು ಚಾಲಕನಿಗೆ ಸಮಯ ಸಿಗುತ್ತದೆ. ಸುಮಾರು 1,500 ಕಿಲೋ ತೂಗುವ 928ರಲ್ಲಿ ಈ ನಿಧಾನ ಎದ್ದು ಕಾಣುತ್ತದೆ, 1,200 ಕಿಲೋ ಆಸುಪಾಸಿನ 944ರಲ್ಲಿ ಅಷ್ಟಾಗಿ ಕಾಣುವುದಿಲ್ಲ.

928ಕ್ಕೆ ಮಾತ್ರ ಸಿಕ್ಕ ಒಂದು ಜಾಣ್ಮೆ ಅದರ ಹಿಂಬದಿಯ ಸಸ್ಪೆನ್ಷನ್. ಪೋರ್ಷೆಯ ಸಂಶೋಧನಾ ಕೇಂದ್ರವಿರುವ ವೈಸಾಖ್ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಅಥವಾ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರವನ್ನು ರಸ್ತೆ ಹಿಂದಕ್ಕೆ ಎಳೆಯುತ್ತದೆ. ಆಗ ಸಾಮಾನ್ಯ ಸಸ್ಪೆನ್ಷನ್‌ನ ರಬ್ಬರ್ ಬುಷ್‌ಗಳು ಬಾಗಿ ಚಕ್ರದ ಮೂತಿ ತುಸು ಹೊರಕ್ಕೆ ತಿರುಗುತ್ತದೆ, ಕಾರಿನ ಹಿಂಭಾಗ ಅಲ್ಲಾಡುತ್ತದೆ. ವೈಸಾಖ್ ಅಚ್ಚಿನಲ್ಲಿ ಜೋಡಣೆಯ ಕೋನವನ್ನು ಬದಲಿಸಿ, ಅದೇ ಎಳೆತ ಚಕ್ರದ ಮೂತಿಯನ್ನು ಒಳಕ್ಕೆ ತಿರುಗಿಸುವಂತೆ ಮಾಡಿದರು. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ತಪ್ಪು ದಾರಿ ಹಿಡಿಸುತ್ತಿದ್ದ ಬಲವೇ ಕಾರನ್ನು ಸರಿದಾರಿಗೆ ತರುತ್ತದೆ.

944ರ ಜಾಣ್ಮೆ ಇರುವುದು ಎಂಜಿನ್ನಿನಲ್ಲಿ. ಅದು ವಿ-8ರ ಒಂದು ಸಾಲನ್ನು ಆಧರಿಸಿದ್ದು ಎನ್ನುತ್ತಾರೆ. ಪಿಸ್ಟನ್ ಚಲಿಸುವ ದೂರ ಎರಡರಲ್ಲೂ 78.9 ಮಿ.ಮೀ. ಆದರೆ ನಾಲ್ಕು ಸಿಲಿಂಡರನ್ನು ಒಂದೇ ಸಾಲಿನಲ್ಲಿಟ್ಟಾಗ, ಎಂಟರ ಜೋಡಣೆಯಲ್ಲಿ ಇಲ್ಲದ ತೊಂದರೆಯೊಂದು ತಲೆ ಎತ್ತುತ್ತದೆ. ಎರಡು ಪಿಸ್ಟನ್ ಇಳಿಯುವಾಗ ಎರಡು ಏರುತ್ತವೆ, ಲೆಕ್ಕ ಸರಿಹೋಗಬೇಕಲ್ಲವೇ? ಹೋಗುವುದಿಲ್ಲ. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ ತನ್ನ ದಾರಿಯ ಮೇಲರ್ಧವನ್ನು ಬೇಗ, ಕೆಳಗಿನರ್ಧವನ್ನು ನಿಧಾನವಾಗಿ ಕ್ರಮಿಸುತ್ತದೆ. 944ರ ರಾಡ್ 150 ಮಿ.ಮೀ. ಉದ್ದ. ಕ್ರ್ಯಾಂಕ್ ಮೇಲಿನಿಂದ ಕಾಲು ಸುತ್ತು ತಿರುಗಿದಾಗ ಪಿಸ್ಟನ್ 39.45 ಮಿ.ಮೀ. ಇಳಿದಿರಬೇಕಿತ್ತು, ಇಳಿದಿರುವುದು 44.7. ಅಂದರೆ ನಾಲ್ಕೂ ಪಿಸ್ಟನ್‌ಗಳ ಒಟ್ಟು ಗುರುತ್ವಕೇಂದ್ರ ಪ್ರತಿ ಸುತ್ತಿಗೆ ಎರಡು ಬಾರಿ ಸುಮಾರು 5 ಮಿ.ಮೀ. ಮೇಲೆ ಕೆಳಗೆ ಕುಪ್ಪಳಿಸುತ್ತದೆ. ನಿಮಿಷಕ್ಕೆ 6,000 ಸುತ್ತಿನಲ್ಲಿ ಸೆಕೆಂಡಿಗೆ 200 ಕುಪ್ಪಳಿಕೆ. ಸಣ್ಣ ಎಂಜಿನ್ನಿನಲ್ಲಿ ಇದನ್ನು ಸಹಿಸಿಕೊಳ್ಳಬಹುದು. 100 ಮಿ.ಮೀ. ವ್ಯಾಸದ ಭಾರಿ ಪಿಸ್ಟನ್‌ಗಳಿದ್ದರೆ ಕಾರೇ ನಡುಗುತ್ತದೆ.

ಪರಿಹಾರ ಹಳೆಯದೇ. ಬ್ರಿಟಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 20ನೇ ಶತಮಾನದ ಆರಂಭದಲ್ಲೇ ಅದನ್ನು ಕಂಡುಕೊಂಡಿದ್ದರು. ಒಂದು ಬದಿಗೆ ಭಾರವಿರುವ ಎರಡು ದಂಡಗಳನ್ನು ಪರಸ್ಪರ ವಿರುದ್ಧ ದಿಕ್ಕಿನಲ್ಲಿ, ಕ್ರ್ಯಾಂಕ್‌ಗಿಂತ ಎರಡು ಪಟ್ಟು ವೇಗದಲ್ಲಿ ತಿರುಗಿಸಿದರೆ ಅವುಗಳ ನಡುಕ ಎಂಜಿನ್ನಿನ ನಡುಕವನ್ನು ನುಂಗುತ್ತದೆ. ಆ ದಂಡಗಳನ್ನು ಬೇರೆ ಬೇರೆ ಎತ್ತರದಲ್ಲಿ ಕೂರಿಸುವ ಸುಧಾರಿತ ವಿಧಾನದ ಪೇಟೆಂಟ್ ಮಿತ್ಸುಬಿಷಿ ಕೈಯಲ್ಲಿತ್ತು. ಪೋರ್ಷೆ ಹಣ ತೆತ್ತು ಅದನ್ನು ಬಳಸಿಕೊಂಡಿತು.

ಕಾಲದ ಲೆಕ್ಕ ಶುರುವಾಗುವುದು ಇಲ್ಲಿಂದ. ಆ ದಂಡಗಳನ್ನು ತಿರುಗಿಸಲು 944ರಲ್ಲಿ ಒಂದು ಪ್ರತ್ಯೇಕ ಹಲ್ಲಿನ ಬೆಲ್ಟ್ ಇದೆ, ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ಇನ್ನೊಂದು. ರಬ್ಬರ್ ಎಂದರೆ ಉದ್ದುದ್ದ ಅಣುಸರಪಳಿಗಳ ಬಲೆ. ಗಾಳಿಯ ಆಮ್ಲಜನಕ ಮತ್ತು ಓಝೋನ್, ಎಂಜಿನ್ನಿನ ಬಿಸಿ ಸೇರಿ ಆ ಸರಪಳಿಗಳನ್ನು ಕೆಲವೆಡೆ ಕಡಿಯುತ್ತವೆ, ಕೆಲವೆಡೆ ಬೇಡದ ಗಂಟು ಹಾಕುತ್ತವೆ. ಬೆಲ್ಟ್ ಪೆಡಸಾಗಿ ಸೀಳು ಬಿಡುತ್ತದೆ. ಗ್ಯಾರೇಜಿನಲ್ಲಿ ಸುಮ್ಮನೆ ನಿಂತ ಕಾರಿಗೂ ಇದು ತಪ್ಪಿದ್ದಲ್ಲ. ಆದ್ದರಿಂದ "ಕಡಿಮೆ ಓಡಿದೆ ಸಾರ್" ಎಂಬ ಮಾತಿಗೆ ಇಲ್ಲಿ ಬೆಲೆ ಕಡಿಮೆ. 944ರಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೆ ತೆರೆದು ನಿಂತ ವಾಲ್ವ್‌ಗೆ ಪಿಸ್ಟನ್ ಗುದ್ದುತ್ತದೆ, ವಾಲ್ವ್ ಸೊಟ್ಟಗಾಗುತ್ತದೆ. ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್ ಇರುವ ನಂತರದ 928ಗಳಲ್ಲೂ ಹೀಗೆಯೇ. ಅಲ್ಲಿ ಎರಡು ಮೀಟರಿಗೂ ಉದ್ದದ ಒಂದೇ ಬೆಲ್ಟ್ ಎರಡೂ ಸಾಲುಗಳನ್ನು ಸುತ್ತಿ ಬರುತ್ತದೆ.

ಎರಡೂ ಎಂಜಿನ್‌ಗಳ ಸಿಲಿಂಡರ್ ಭಾಗ ಸಿಲಿಕಾನ್ ಸಮೃದ್ಧವಾದ ಅಲ್ಯೂಮಿನಿಯಂನದು. ಒಳಗೋಡೆಯ ಮೇಲ್ಮೈಯಿಂದ ಅಲ್ಯೂಮಿನಿಯಂ ಅನ್ನು ರಾಸಾಯನಿಕವಾಗಿ ತುಸು ಕರಗಿಸಿ, ಗಡಸಾದ ಸಿಲಿಕಾನ್ ಹರಳುಗಳು ಮೇಲೆ ನಿಲ್ಲುವಂತೆ ಮಾಡಿದ್ದಾರೆ. ಪಿಸ್ಟನ್ ಉಜ್ಜುವುದು ಆ ಹರಳುಗಳ ಮೇಲೆ. ಇಂಥ ಗೋಡೆ ಬಹುಕಾಲ ಬಾಳುತ್ತದೆ. ಆದರೆ ವರ್ಷಗಟ್ಟಲೆ ಬದಲಿಸದ ಕೂಲೆಂಟ್ ತುಕ್ಕುನಿರೋಧಕ ಗುಣ ಕಳೆದುಕೊಂಡು ಸಿಲಿಂಡರ್ ಹೆಡ್‌ನ ನೀರಿನ ದಾರಿಗಳನ್ನು ಕೊರೆಯುತ್ತದೆ.

ದುರಸ್ತಿಯ ಕಷ್ಟ ಮಾತ್ರ ಬೆಲೆಗೆ ತಕ್ಕಂತಿಲ್ಲ. 944ರ ಕ್ಲಚ್ ಎಂಜಿನ್ನಿಗೆ ಅಂಟಿಕೊಂಡಿದೆ. ಅದನ್ನು ತಲುಪಲು ಎಕ್ಸಾಸ್ಟ್, ಗೇರ್‌ಬಾಕ್ಸ್, ನಡುವಿನ ಕೊಳವೆ ಎಲ್ಲವನ್ನೂ ಕಳಚಬೇಕು. ದುಬಾರಿ 928ರಲ್ಲಿ ಕೆಳಗಿನ ಮುಚ್ಚಳ ತೆಗೆದು ಕ್ಲಚ್ ಹೊರತೆಗೆಯಬಹುದು. ಹಾಗೆಂದು 928 ಸುಲಭದ ತುತ್ತಲ್ಲ. ಆಟೊಮ್ಯಾಟಿಕ್ 928ಗಳಲ್ಲಿ ನಡುದಂಡದ ಕ್ಲ್ಯಾಂಪ್ ಜಾರಿದರೆ ದಂಡ ಕ್ರ್ಯಾಂಕನ್ನು ಸದಾ ಮುಂದಕ್ಕೆ ದೂಡುತ್ತಿರುತ್ತದೆ. ಕ್ರ್ಯಾಂಕನ್ನು ಹಿಂದೆಮುಂದೆ ಸರಿಯದಂತೆ ಹಿಡಿದ ಬೇರಿಂಗ್ ಸವೆದು, ಕಡೆಗೆ ಎಂಜಿನ್ ಬ್ಲಾಕನ್ನೇ ತಿನ್ನುತ್ತದೆ. ವಿದ್ಯುತ್ ಜೋಡಣೆಯೂ 928ರಲ್ಲಿ ಜಟಿಲ. ಕಿಲುಬುಗಟ್ಟಿದ ಒಂದು ಕನೆಕ್ಟರಿನಲ್ಲಿ 0.1 ಓಮ್ ರೋಧ ಸೇರಿಕೊಂಡರೂ 10 ಆಂಪಿಯರ್ ಹರಿವಿಗೆ 1 ವೋಲ್ಟ್ ಸೋರಿಹೋಗುತ್ತದೆ. ಇರುವುದೇ 12 ವೋಲ್ಟ್.

ಹಾಗಾದರೆ ಯಾವುದು? ಪರೀಕ್ಷೆಯ ಕ್ರಮ ಹೀಗಿರಲಿ. ಮೊದಲು ಬೆಲ್ಟ್ ಬದಲಿಸಿದ ದಿನಾಂಕವಿರುವ ಬಿಲ್, ಆಮೇಲೆ ಕೂಲೆಂಟ್‌ನ ಬಣ್ಣ ಮತ್ತು ಪೆಟ್ರೋಲ್ ಪೈಪುಗಳ ಸ್ಥಿತಿ. ಆಟೊಮ್ಯಾಟಿಕ್ 928 ಆದರೆ ಕ್ರ್ಯಾಂಕ್ ಎಷ್ಟು ಹಿಂದೆಮುಂದೆ ಸರಿಯುತ್ತದೆಂದು ಅಳೆಸಿಯೇ ಮಾತು ಮುಂದುವರಿಸಬೇಕು. ಕಾರಿನ ಮೈಗೆ ಹಿಡಿಯುವ ತುಕ್ಕಿಗೆ ಅಷ್ಟಾಗಿ ಹೆದರಬೇಕಿಲ್ಲ, ಎರಡರ ಉಕ್ಕಿಗೂ ಸತುವಿನ ಲೇಪವಿದೆ, 928ರ ಬಾಗಿಲು, ಬಾನೆಟ್ ಅಲ್ಯೂಮಿನಿಯಂನವು. ಈ ಪರೀಕ್ಷೆಗಳಲ್ಲಿ ಒಂದೇ ಪಾಸಾದರೆ ಆಯ್ಕೆ ಅಲ್ಲಿಗೆ ಮುಗಿಯಿತು, ಹೆಸರು ಯಾವುದೇ ಇರಲಿ. ಎರಡೂ ಪಾಸಾದರೆ ನನ್ನ ಮತ 944ಕ್ಕೆ. ಅದು ಹಗುರ, ಅಂಕುಡೊಂಕು ರಸ್ತೆಗೆ ಹೇಳಿಮಾಡಿಸಿದ್ದು. ಸುಮಾರು 61,000 ತಯಾರಾದ 928ರ ಎದುರು ಅದು 1,63,000ದಷ್ಟು ತಯಾರಾದ್ದರಿಂದ ಬಿಡಿಭಾಗ ಹುಡುಕುವುದೂ ಸುಲಭ. ದಿನಕ್ಕೆ ಐನೂರು ಕಿಲೋಮೀಟರ್ ನೇರ ಹೆದ್ದಾರಿಯಲ್ಲಿ ಹೋಗುವವರು, ಕಾರಿಗೆ ಕೊಟ್ಟಷ್ಟೇ ಹಣವನ್ನು ದುರಸ್ತಿಗೂ ತೆಗೆದಿಟ್ಟವರು ಮಾತ್ರ 928 ಕೊಳ್ಳಲಿ.