ತೇರ್ಸ್ ಮುಗಿದ ಮೇಲಿನ ಐದು ನಿಮಿಷ

ಮಂಗಳೂರು, ಉಡುಪಿ ಕಡೆಯ ಕಥೋಲಿಕರ ಮನೆಗಳಲ್ಲಿ ಮುಸ್ಸಂಜೆ ಇಗರ್ಜಿಯ ಆಮೊರಿ ಗಂಟೆ ಕೇಳಿತೆಂದರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತಿತ್ತು. ಮಕ್ಕಳು ಕೈಕಾಲು ತೊಳೆದು ಒಳಗೆ ಬರುತ್ತಿದ್ದರು. ಆಲ್ತಾರಿನ ಮುಂದೆ ಮೇಣದಬತ್ತಿ ಹಚ್ಚಿ ತೇರ್ಸ್ (ಜಪಮಾಲೆ) ಹೇಳಿ, ಕೊನೆಗೆ ಹಿರಿಯರ ಬಳಿ ಕೈಜೋಡಿಸಿ 'ಬೆಸಾಂವ್' (ಆಶೀರ್ವಾದ) ಕೇಳುವುದು ವಾಡಿಕೆ. ತೇರ್ಸ್ ಈಗಲೂ ಅನೇಕ ಮನೆಗಳಲ್ಲಿ ಉಳಿದಿದೆ. ಆದರೆ ಧಾರಾವಾಹಿ ಶುರುವಾಗುವ ಮೊದಲು ಮುಗಿಸುವ ಅವಸರದಲ್ಲಿ 53 ನಮಾನ್ ಮರಿಯೆಗಳೂ ಒಂದರ ಬೆನ್ನಿಗೊಂದು ಓಡುತ್ತವೆ. ಕೊನೆಯ ಆಮೆನ್ ಬಾಯಲ್ಲಿರುವಾಗಲೇ ಒಬ್ಬರ ಕೈ ರಿಮೋಟಿಗೆ, ಇನ್ನೊಬ್ಬರ ಕೈ ಮೊಬೈಲಿಗೆ ಹೋಗಿರುತ್ತದೆ. ಪ್ರೊಟೆಸ್ಟೆಂಟ್ ಮನೆಗಳ ಕುಟುಂಬ ಪ್ರಾರ್ಥನೆಯ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ದೇವರಿಗೆ ಹೇಳುವುದನ್ನೆಲ್ಲ ಹೇಳುತ್ತೇವೆ, ಕೇಳಿಸಿಕೊಳ್ಳಲು ಮಾತ್ರ ನಿಲ್ಲುವುದಿಲ್ಲ.

ಮೌನ ಮಠದವರಿಗೆ, ಸನ್ಯಾಸಿನಿಯರಿಗೆ ಸೇರಿದ್ದು, ಸಂಸಾರಸ್ಥರಿಗಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸುವಾರ್ತೆಗಳನ್ನು ತೆರೆದರೆ ಕಾಣುವುದು ಬೇರೆಯೇ. ಲೂಕನ ಸುವಾರ್ತೆ ಆರಂಭವಾಗುವುದೇ ಮಾತು ನಿಂತುಹೋದ ಮನೆಯೊಂದರಿಂದ: ಜಕರೀಯ ಮಗನಿಗೆ ಹೆಸರಿಡುವವರೆಗೂ ಮೂಕನಾಗಿದ್ದ, ಮಗುವಿನ ಹೆಸರನ್ನು ಹಲಗೆಯ ಮೇಲೆ ಬರೆದು ತೋರಿಸಿದ. ಮರಿಯಳು ಕಂಡದ್ದನ್ನು, ಕೇಳಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡಳೆಂದು ಲೂಕ ಎರಡು ಬಾರಿ ಹೇಳುತ್ತಾನೆ. ಇನ್ನು ಜೋಸೆಫ್! ನಾಲ್ಕೂ ಸುವಾರ್ತೆಗಳಲ್ಲಿ ಆತನ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಎದ್ದ, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಹೊರಟ, ಅಷ್ಟೆ. 1964ರ ಜನವರಿ 5ರಂದು ನಜರೇತಿಗೆ ಹೋಗಿದ್ದ ಪೋಪ್ ಆರನೇ ಪೌಲರು ಯೇಸು ಬೆಳೆದ ಆ ಮನೆ ಕಲಿಸುವ ಪಾಠಗಳನ್ನು ಹೇಳುವಾಗ ಮೊದಲು ಎತ್ತಿಕೊಂಡದ್ದು ಮೌನವನ್ನು. ಕುಟುಂಬ ಜೀವನ, ದುಡಿಮೆ ಆಮೇಲೆ ಬಂದವು. ಆ ಕ್ರಮ ಸರಿಯೆಂದೇ ನನ್ನ ನಂಬಿಕೆ.

ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸಬೇಕೆಂಬ ಯೇಸುವಿನ ಬೋಧನೆ ಮತ್ತಾಯನ 6ನೇ ಅಧ್ಯಾಯದಲ್ಲಿದೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಳಕೋಣೆಗೆ ಎಲ್ಲಿಗೆ ಹೋಗೋಣ ಎಂದು ಕೇಳುವ ತಾಯಂದಿರಿಗೆ ಸುಸಾನಾ ವೆಸ್ಲಿಯ ನೆನಪು ಮಾಡಿಕೊಡಬೇಕು. ಇಂಗ್ಲೆಂಡಿನ ಎಪ್‌ವರ್ತ್‌ನ ಪಾದ್ರಿಯ ಹೆಂಡತಿ. ಹೆತ್ತದ್ದು 19 ಮಕ್ಕಳನ್ನು, ಉಳಿದವರು ಹತ್ತು. ಅವರಲ್ಲೇ ಮುಂದೆ ಮೆಥೊಡಿಸ್ಟ್ ಚಳವಳಿ ಕಟ್ಟಿದ ಜಾನ್ ಮತ್ತು ಚಾರ್ಲ್ಸ್ ಇದ್ದರು. ಗದ್ದಲದ ನಡುವೆ ಆಕೆ ಏಪ್ರನ್ನನ್ನೇ ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥನೆಗೆ ಕೂರುತ್ತಿದ್ದಳೆಂದೂ, ಆಗ ಮಕ್ಕಳು ಅಮ್ಮನನ್ನು ಮಾತಾಡಿಸುತ್ತಿರಲಿಲ್ಲವೆಂದೂ ಹೇಳುತ್ತಾರೆ. ಅಷ್ಟೇ ಅಲ್ಲ, ಪ್ರತಿ ಮಗುವಿನೊಂದಿಗೆ ವಾರಕ್ಕೊಂದು ಸಂಜೆ ಪ್ರತ್ಯೇಕವಾಗಿ ಕೂತು ಮಾತಾಡುತ್ತಿದ್ದಳು. ಜಾನ್‌ನ ಸರದಿ ಗುರುವಾರ. ಮೌನವಾಗಿ ಕೂರುವುದು ಗೊತ್ತಿದ್ದ ತಾಯಿಗೆ ಮಗುವಿನ ಮಾತು ಕೇಳುವುದೂ ಗೊತ್ತಿತ್ತು.

ಇಲ್ಲೊಂದು ಎಚ್ಚರಿಕೆ ಬೇಕು. ಗಂಡ ಹೆಂಡತಿ ಮುನಿಸಿಕೊಂಡು ಮಾತು ಬಿಟ್ಟಾಗಿನ ಮೌನ, ಅಪ್ಪನ ಸಿಟ್ಟಿಗೆ ಹೆದರಿ ಮಕ್ಕಳು ತುಟಿ ಬಿಗಿಹಿಡಿದ ಮೌನ, 'ನೀನು ಸುಮ್ಮನಿರು' ಎಂದು ಸೊಸೆಯ ಬಾಯಿ ಮುಚ್ಚಿಸಿದ ಮೌನ ಪ್ರಾರ್ಥನೆಯಲ್ಲ. ಅಂಥ ಮನೆಯಲ್ಲಿ ಮೊದಲು ಮಾತು ಶುರುವಾಗಬೇಕು, ಕ್ಷಮೆ ಕೇಳುವುದಿದ್ದರೆ ಕೇಳಬೇಕು. ಜೊತೆಯಾಗಿ ಸುಮ್ಮನೆ ಕೂರುವ ಧೈರ್ಯ ಆಮೇಲಿನದು.

ಪವಿತ್ರ ಗುರುವಾರದ ಬಲಿಪೂಜೆಯಿಂದ ಪಾಸ್ಖ ಜಾಗರಣೆಯವರೆಗೆ ಇಗರ್ಜಿಯ ಗಂಟೆಗಳೇ ಮೌನವಾಗಿರುತ್ತವೆ. ಶುಭ ಶುಕ್ರವಾರ ಅನೇಕ ಮನೆಗಳಲ್ಲಿ ಟಿವಿಯನ್ನೂ ಹಾಕುವುದಿಲ್ಲ. ವರ್ಷಕ್ಕೊಮ್ಮೆ ಆಗುವುದು ದಿನಕ್ಕೆ ಐದು ನಿಮಿಷ ಆಗದೇ?

ಇವತ್ತೇ ಪ್ರಯತ್ನಿಸಿ. ಮೊಬೈಲುಗಳನ್ನು ಇನ್ನೊಂದು ಕೋಣೆಯಲ್ಲಿಡಿ. ತೇರ್ಸ್ ಅಥವಾ ಬೈಬಲ್ ಓದು ಮುಗಿದ ಕೂಡಲೇ ಏಳದೆ, ಬತ್ತಿ ಆರಿಸದೆ ಕೂತಿರಿ. ಪುಟ್ಟ ಮಕ್ಕಳಿದ್ದರೆ ಎರಡೇ ನಿಮಿಷ ಸಾಕು, ಅವರು ಮಿಸುಕಾಡಿದರೆ ಗದರಬೇಡಿ. ಬೆಸಾಂವ್ ಆಮೇಲೆ ಕೊಡಿ.