ಕಾಲುವೆ ಮೊದಲು, ರಂಗಮಂದಿರ ಆಮೇಲೆ

ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೊ 2023ರ ಮಾರ್ಚ್ 25ರಂದು ವೈಟ್‌ಫೀಲ್ಡ್ ಮತ್ತು ಕೆ.ಆರ್. ಪುರದ ನಡುವೆ ಉದ್ಘಾಟನೆಯಾದಾಗ ಪಟ್ಟಂದೂರು ಅಗ್ರಹಾರದ ಹೆಸರು ನಿಲ್ದಾಣದ ಫಲಕಕ್ಕೇರಿತು. ಅದೇ ಹೆಸರಿನ ಕೆರೆ ಸುದ್ದಿಯಾದದ್ದು ಬೇರೆ ಕಾರಣಕ್ಕೆ: ಕೆರೆಯಂಗಳ ಯಾರದೆಂಬ ವ್ಯಾಜ್ಯ, ಒತ್ತುವರಿಯ ವಿರುದ್ಧ ನಿವಾಸಿಗಳ ಹೋರಾಟ. ಇಲ್ಲಿನ ಐಟಿ ಪಾರ್ಕಿನ ಸುತ್ತ ಕಚೇರಿಗಳಿಗೆ, ಮಾಲ್‌ಗಳಿಗೆ ಬರವಿಲ್ಲ. ದುಡ್ಡು ಕೊಡದೆ ಹೋಗಿ ಕೂರುವ, ಮಕ್ಕಳ ನಾಟಕ ನೋಡುವ, ನೀರಿನ ಪಕ್ಕ ನಡೆದಾಡುವ ಜಾಗಕ್ಕೆ ಮಾತ್ರ ಬರ.

ಅಂಥ ಜಾಗ ಹೇಗಿರಬಹುದೆಂದು ನೋಡಲು ಬಹಳ ದೂರ ಹೋಗಬೇಕಿಲ್ಲ. ಪಟ್ಟಂದೂರು ಅಗ್ರಹಾರವಿರುವ ಮಹದೇವಪುರ ಭಾಗದಲ್ಲೇ, ಸರ್ಜಾಪುರ ರಸ್ತೆಗೆ ಅಂಟಿಕೊಂಡು ಕೈಕೊಂಡ್ರಹಳ್ಳಿ ಕೆರೆಯಿದೆ.

ಸುಮಾರು 48 ಎಕರೆಯ ಈ ಕೆರೆ ಒಂಟಿಯಲ್ಲ. ಬೆಂಗಳೂರಿನ ಉಳಿದ ಕೆರೆಗಳಂತೆ ಇದೂ ಒಂದು ಸರಣಿಯ ಕೊಂಡಿ. ಮೇಲಿನಿಂದ ಕಾಲುವೆಯಲ್ಲಿ ಬಂದ ಮಳೆನೀರು ಇಲ್ಲಿ ತುಂಬಿ, ಕೋಡಿ ಬಿದ್ದು, ಕೆಳಗಿನ ಸೌಳು ಕೆರೆಯತ್ತ ಸಾಗುತ್ತದೆ. 2007ರಲ್ಲಿ ಮಹದೇವಪುರ ನಗರಸಭೆಯೂ 110 ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಬಂದವು. ಅಪಾರ್ಟ್‌ಮೆಂಟುಗಳು ಎದ್ದಷ್ಟು ಬೇಗ ಒಳಚರಂಡಿ ಬರಲಿಲ್ಲ. ಮಳೆನೀರಿನ ದಾರಿಯಲ್ಲಿ ಕೊಳಚೆ ಹರಿಯಿತು. ಹೂಳು ತುಂಬಿ, ಕಸ ಬಿದ್ದು ಕೈಕೊಂಡ್ರಹಳ್ಳಿಯೂ ಸೊರಗಿತ್ತು.

2009ರ ಸುಮಾರಿಗೆ ಪಾಲಿಕೆ ಪುನಶ್ಚೇತನಕ್ಕೆ ಕೈಹಾಕಿದಾಗ ಸುತ್ತಲಿನ ನಿವಾಸಿಗಳು, ಪರಿಸರ ವಿಜ್ಞಾನಿಗಳು ನಕ್ಷೆಯ ಹಂತದಿಂದಲೇ ಜೊತೆಗೂಡಿದರು. ಪರಿಸರ ಅಧ್ಯಯನಕಾರರಾದ ಹರಿಣಿ ನಾಗೇಂದ್ರ ಈ ಕೆರೆಯ ಕಥೆಯನ್ನು ತಮ್ಮ ಬರಹಗಳಲ್ಲಿ ದಾಖಲಿಸಿದ್ದಾರೆ. ಮುಂದೆ ನಿರ್ವಹಣೆಗಾಗಿ ಹುಟ್ಟಿಕೊಂಡದ್ದು ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ. ಊರವರು ಅದನ್ನು ಚುಟುಕಾಗಿ ‘ಮಪ್ಸಾಸ್’ ಎನ್ನುತ್ತಾರೆ.

ಇಲ್ಲಿ ಎದ್ದು ಕಾಣುವುದು ಕೆಲಸದ ಅನುಕ್ರಮ. ಕೊಳಚೆಯನ್ನು ತಡೆದು ಬೇರೆ ದಾರಿಗೆ ತಿರುಗಿಸುವುದು, ಹೂಳೆತ್ತುವುದು, ಏರಿ ಗಟ್ಟಿ ಮಾಡುವುದು ಮೊದಲು. ನಡಿಗೆಯ ದಾರಿ, ಗಿಡ, ಬೆಂಚು ಆಮೇಲೆ. ಕೆರೆಯ ಪಕ್ಕದಲ್ಲೇ ಸರ್ಕಾರಿ ಶಾಲೆಯಿದೆ. ಅದರ ಮಕ್ಕಳಿಗೂ ಕೆರೆ ದಕ್ಕಬೇಕೆಂಬ ಯೋಚನೆ ನಕ್ಷೆಯಲ್ಲಿತ್ತು. ಮೆಟ್ಟಿಲು ಸಾಲಿನ ಬಯಲು ರಂಗಮಂದಿರ ಬಂದದ್ದು ಹೀಗೆ. ಪರದೆಯಿಲ್ಲ, ಚಾವಣಿಯಿಲ್ಲ. ಬೆಳಿಗ್ಗೆ ನಡೆದು ದಣಿದವರು ಕೂರುವ ಕಟ್ಟೆಯೇ ಇಲ್ಲಿ ನಡೆಯುವ ‘ಕೆರೆ ಹಬ್ಬ’ದಂದು ಪ್ರೇಕ್ಷಕರ ಗ್ಯಾಲರಿ. ದನ ಸಾಕುವವರು ದಡದ ಹುಲ್ಲು ಕೊಯ್ಯುವುದಕ್ಕೂ ಇಲ್ಲಿ ಜಾಗ ಉಳಿಯಿತು. ಹೊಸ ಉದ್ಯಾನ ಮಾಡುವ ಭರದಲ್ಲಿ ಹಳೆಯ ಬಳಕೆದಾರರನ್ನು ಬೇಲಿಯಾಚೆ ದೂಡುವ ನಗರದಲ್ಲಿ ಇದು ಸಣ್ಣ ಸಾಧನೆಯಲ್ಲ.

ಹಬ್ಬಕ್ಕೆ ಬಂದವರು ಹಾಡು ಕೇಳಿ ಎದ್ದು ಹೋದರೂ ಅವರಲ್ಲಿ ಕೆಲವರು ಕೆರೆಗೆ ಮರಳುತ್ತಾರೆ. ನೀರಿನ ಬಣ್ಣ ಬದಲಾದರೆ, ಕಾಲುವೆಯಲ್ಲಿ ನೊರೆ ಕಂಡರೆ ದೂರು ಕೊಡುವವರು ಇಂಥವರೇ. ಹಿಂದೆ ತೂಬು, ಕಾಲುವೆಗಳ ಮೇಲೆ ಕಣ್ಣಿಡಲು ಊರಿಗೊಬ್ಬ ನೀರಗಂಟಿ ಇರುತ್ತಿದ್ದ. ಈಗ ಆ ಕಾವಲು ವಾಯುವಿಹಾರಿಗಳ ಪಾಲಿಗೆ ಬಂದಿದೆ. ಬಯಲು ರಂಗಮಂದಿರದ ನಿಜವಾದ ಉಪಯೋಗ ಇದು.

ತೊರೆಯನ್ನು ಸಾರ್ವಜನಿಕ ಜಾಗವಾಗಿಸಿದ ದೊಡ್ಡ ಉದಾಹರಣೆ ದಕ್ಷಿಣ ಕೊರಿಯಾದ ಸೋಲ್ ನಗರದ ಚಂಗ್ಯೆಚನ್. ಮೇಲ್ಸೇತುವೆ ಕೆಡವಿ, 2005ರಲ್ಲಿ ಸುಮಾರು 5.8 ಕಿಲೊಮೀಟರ್ ತೊರೆಯನ್ನು ಜನರಿಗೆ ತೆರೆದರು. ಆದರೆ ಅಲ್ಲಿ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿದ್ದು. ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನತ್ತ ಸಾಗುವ ಕೆ-100 ರಾಜಕಾಲುವೆಯನ್ನು ನಾಗರಿಕರ ಜಲಪಥವಾಗಿಸುವ ಯೋಜನೆಯಲ್ಲೂ ದಂಡೆಯ ಅಂದಕ್ಕಿಂತ ಕೊಳಚೆ ಬೇರ್ಪಡಿಸುವುದೇ ಹೆಣಗಾಟದ ಕೆಲಸವಾಯಿತು.

ಪಟ್ಟಂದೂರು ಅಗ್ರಹಾರದಲ್ಲಿ ಕೈಕೊಂಡ್ರಹಳ್ಳಿಯಂಥ ಕೆರೆ ಉದ್ಯಾನ ಆಗಬೇಕಿದ್ದರೆ ಮೊದಲು ಬೇಕಾದದ್ದು ಸರ್ವೆ ನಕ್ಷೆ. ಕೆರೆಯ ಗಡಿ ಎಲ್ಲಿ, ಒಳಹರಿವಿನ ಕಾಲುವೆ ಯಾವ ಕಾಂಪೌಂಡಿನಡಿ ಮರೆಯಾಗಿದೆ, ಕೋಡಿ ನೀರಿಗೆ ದಾರಿ ಉಳಿದಿದೆಯೇ ಎಂಬುದು ಗೊತ್ತಾಗಬೇಕು. ಕೆರೆಗೆ 75 ಮೀಟರ್ ಮೀಸಲು ವಲಯ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿದ ಮೇಲೆ ನಗರದ ಮಹಾಯೋಜನೆಯ 30 ಮೀಟರೇ ಲೆಕ್ಕಕ್ಕೆ ಉಳಿಯಿತು. ಹೀಗೆ ಕಿರಿದಾದ ಅಂಚಿನಲ್ಲೇ ನಡಿಗೆ ದಾರಿ, ಜೊಂಡು ಬೆಳೆಯುವ ಜೌಗು, ನೂರಾರು ಮಂದಿ ಕೂರುವ ಮೆಟ್ಟಿಲು ಎಲ್ಲ ಹೊಂದಬೇಕು. ಜೌಗಿಗೆ ಜಾಗ ಗುರುತಿಸಿದ ಮೇಲೆಯೇ ವಾಸ್ತುಶಿಲ್ಪಿ ರಂಗಮಂದಿರದ ಗೆರೆ ಎಳೆಯುವುದು ಒಳ್ಳೆಯದು.